ಮಿದುಳಿನ ಅಲೆಗಳ ಬಲ ಏರುತ್ತದೆ, ಇಳಿಯುತ್ತದೆ. ಯಾಕೆ?

ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿ ಪರೀಕ್ಷೆಯ ರಿಪೋರ್ಟಿನಲ್ಲಿ ಒಂದು ಸಾಲು ಆಗಾಗ ಕಾಣುತ್ತದೆ. 'ಆಲ್ಫಾ ರಿದಮ್, ವ್ಯಾಕ್ಸಿಂಗ್ ಅಂಡ್ ವೇನಿಂಗ್' ಅಂತ. ಕಳೆದ ತಿಂಗಳು ಗೆಳತಿಯೊಬ್ಬಳು ತನ್ನ ತಾಯಿಯ ರಿಪೋರ್ಟ್ ಕೈಯಲ್ಲಿ ಹಿಡಿದು ಗಾಬರಿಯಿಂದ ಫೋನ್ ಮಾಡಿದ್ದಳು. "ಅಮ್ಮನ ಮಿದುಳಿನ ಅಲೆ ಒಮ್ಮೆ ಜಾಸ್ತಿ ಆಗುತ್ತೆ, ಒಮ್ಮೆ ಕಮ್ಮಿ ಆಗುತ್ತೆ ಅಂತ ಬರೆದಿದ್ದಾರೆ ಕಣೇ. ಏನಾದ್ರೂ ಕೆಟ್ಟದ್ದಾ?"

ಕೆಟ್ಟದ್ದಲ್ಲ. ಎಚ್ಚರವಾಗಿದ್ದು, ಕಣ್ಣು ಮುಚ್ಚಿ, ಆರಾಮಾಗಿ ಮಲಗಿದ ಮನುಷ್ಯನ ಆಲ್ಫಾ ಅಲೆ ಸಾಮಾನ್ಯವಾಗಿ ಹಾಗೇ ಇರುತ್ತದೆ. ಶುಕ್ಲಪಕ್ಷದ ಚಂದ್ರನ ಹಾಗೆ ಬೆಳೆಯುತ್ತದೆ, ಕೃಷ್ಣಪಕ್ಷದ ಚಂದ್ರನ ಹಾಗೆ ಕರಗುತ್ತದೆ, ಮತ್ತೆ ಬೆಳೆಯುತ್ತದೆ. ರಿಪೋರ್ಟಿನಲ್ಲಿರುವ ಆ ಇಂಗ್ಲಿಷ್ ಮಾತನ್ನೂ ಚಂದ್ರನಿಗೆ ಬಳಸುತ್ತಾರೆ.

ಅವಳಿಗೆ ಫೋನಿನಲ್ಲಿ ಇಷ್ಟು ಹೇಳಿದೆ. ಆದರೆ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಈಗ ಹಣೆಗೆ ಕಟ್ಟಿಕೊಳ್ಳುವ ಪಟ್ಟಿಗಳು ಬಂದಿವೆ, 'ನಿಮ್ಮ ಆಲ್ಫಾ ಹೆಚ್ಚಿಸಿಕೊಳ್ಳಿ' ಅನ್ನುವ ಆಪ್‌ಗಳು ಬಂದಿವೆ, ಏರಿಳಿಯುವ ಗ್ರಾಫುಗಳು ಮೊಬೈಲಿನಲ್ಲೇ ಕಾಣುತ್ತಿವೆ. ಆ ಏರಿಳಿತ ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಿಲ್ಲದೆ ಗ್ರಾಫ್ ನೋಡಿದರೆ ಸುಮ್ನೆ ಭಯ, ಇಲ್ಲಾ ಸುಮ್ನೆ ಆಸೆ. ಹಾಗಾಗಿ ಬುಡದಿಂದ ಶುರು ಮಾಡುತ್ತೇನೆ.

ಅಲೆ ಅಂದರೆ ಏನು

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶಕ್ಕೆ ಇನ್ನೊಂದರಿಂದ ಸುದ್ದಿ ಮುಟ್ಟಿದಾಗ ಅದರ ಸುತ್ತ ತೀರಾ ಸಣ್ಣ ವಿದ್ಯುತ್ ಬದಲಾವಣೆ ಆಗುತ್ತದೆ. ಒಂದೇ ಕೋಶದ ಈ ಬದಲಾವಣೆ ತಲೆಯ ಹೊರಗೆ ತಿಳಿಯುವುದಿಲ್ಲ, ಯಾಕೆಂದರೆ ಮಧ್ಯೆ ಮಿದುಳನ್ನು ಸುತ್ತಿದ ದ್ರವ ಇದೆ, ಪೊರೆ ಇದೆ, ಬುರುಡೆ ಇದೆ, ಚರ್ಮ ಇದೆ. ಆದರೆ ಮಿದುಳಿನ ಹೊರಪದರದಲ್ಲಿ ಪಿರಮಿಡ್ ಆಕಾರದ ಕೋಶಗಳು ಅಕ್ಕಪಕ್ಕ, ಒಂದೇ ದಿಕ್ಕಿಗೆ ಮುಖ ಮಾಡಿ, ಸಾಲುಸಾಲಾಗಿ ನಿಂತಿವೆ. ಅಂಥ ಲಕ್ಷಾಂತರ ಕೋಶಗಳ ಬದಲಾವಣೆ ಒಟ್ಟುಗೂಡಿದಾಗ ತಲೆಯ ಚರ್ಮದ ಮೇಲೆ ಅಂಟಿಸಿದ ಬಿಲ್ಲೆಗೆ ಸ್ವಲ್ಪ ಸಿಗುತ್ತದೆ. ಆ ಬಿಲ್ಲೆಗೆ ಎಲೆಕ್ಟ್ರೋಡ್ ಅನ್ನುತ್ತಾರೆ. ಅದರಲ್ಲಿ ಸಿಕ್ಕಿದ್ದನ್ನು ಗೆರೆಯಾಗಿ ಬರೆಯುವುದೇ ಇಇಜಿ.

ಎಷ್ಟು ಸಿಗುತ್ತದೆ? ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್. ಮೈಕ್ರೋವೋಲ್ಟ್ ಅಂದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ ಇದೆಯಲ್ಲ, 50 ಮೈಕ್ರೋವೋಲ್ಟ್ ಅನ್ನುವುದು ಅದರ 30,000ದಲ್ಲಿ ಒಂದು ಪಾಲು. ಇಷ್ಟು ಸಣ್ಣದನ್ನು ಹಿಡಿಯುವುದರಿಂದಲೇ ಪರೀಕ್ಷೆಯ ಹೊತ್ತಿಗೆ "ಹಲ್ಲು ಕಚ್ಚಬೇಡಿ, ಅಲುಗಾಡಬೇಡಿ" ಅಂತ ಮತ್ತೆ ಮತ್ತೆ ಹೇಳುತ್ತಾರೆ. ದವಡೆಯ ಸ್ನಾಯುವಿನ ವಿದ್ಯುತ್ತು ಮಿದುಳಿನ ಗೆರೆಯನ್ನು ಮುಚ್ಚಿಬಿಡಬಲ್ಲದು.

ವೇಗ ಬೇರೆ, ಎತ್ತರ ಬೇರೆ

ಅಲೆಗೆ ಎರಡು ಗುಣ ಇವೆ. ಒಂದು, ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಗುತ್ತದೆ ಅನ್ನುವುದು. ಇದು ವೇಗ, ಇದನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ಇನ್ನೊಂದು, ಎಷ್ಟು ಎತ್ತರಕ್ಕೆ ಏಳುತ್ತದೆ ಅನ್ನುವುದು. ಇದೇ ಬಲ. ಈ ಲೇಖನ ಪೂರ್ತಿ ಎರಡನೆಯದರ ಬಗ್ಗೆ.

ಹೆಸರುಗಳು ಮಾತ್ರ ವೇಗದ ಮೇಲೆ ಬಂದಿವೆ. ಸೆಕೆಂಡಿಗೆ 4ಕ್ಕಿಂತ ಕಮ್ಮಿ ಇದ್ದರೆ ಡೆಲ್ಟಾ, 4ರಿಂದ 8 ಥೀಟಾ, 8ರಿಂದ 13 ಆಲ್ಫಾ, 13ರಿಂದ 30 ಬೀಟಾ, ಅದಕ್ಕಿಂತ ಮೇಲೆ ಗಾಮಾ. ಈ ಗಡಿಗಳು ಕಲ್ಲಿನಲ್ಲಿ ಕೆತ್ತಿದ್ದಲ್ಲ, ಒಂದೆರಡು ಅಂಕಿ ಆಚೀಚೆ ಆಗುತ್ತದೆ.

ಈಗ ಒಂದು ಆಲ್ಫಾ ಗೆರೆ ಕಲ್ಪಿಸಿಕೊಳ್ಳಿ. ಸೆಕೆಂಡಿಗೆ ಹತ್ತು ಸಲ ಮೇಲೆ ಕೆಳಗೆ. ಮೊದಲ ಅಲೆ ಗಿಡ್ಡ, ಮುಂದಿನದು ಸ್ವಲ್ಪ ಎತ್ತರ, ಅದರ ಮುಂದಿನದು ಇನ್ನೂ ಎತ್ತರ, ಆಮೇಲೆ ಒಂದೊಂದಾಗಿ ಕುಗ್ಗುತ್ತಾ ಬಂದು ಗೆರೆ ಹೆಚ್ಚುಕಡಿಮೆ ಸಪಾಟಾಗುತ್ತದೆ. ಅಲೆಗಳ ತುದಿಗಳನ್ನೆಲ್ಲ ಪೆನ್ಸಿಲ್‌ನಿಂದ ಕೂಡಿಸಿದರೆ ನಿಧಾನವಾಗಿ ಏರಿ ಇಳಿಯುವ ಇನ್ನೊಂದು ಗೆರೆ ಸಿಗುತ್ತದೆ. ಒಳಗಿನ ಅಲೆ ಚುರುಕು, ಹೊರಗಿನ ಗೆರೆ ನಿಧಾನ. ಕಡಲನ್ನು ನೋಡಿದವರಿಗೆ ಇದು ಗೊತ್ತಿರುವುದೇ: ತೆರೆಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ, ಆದರೆ ಗಂಟೆಗಳ ಲೆಕ್ಕದಲ್ಲಿ ಭರತ ಇಳಿತ ಅಂತ ಬೇರೆಯೇ ಒಂದು ಏರಿಳಿತ ನಡೆದಿರುತ್ತದೆ. ಹಳೆಯ ಎಎಂ ರೇಡಿಯೋ ಕೆಲಸ ಮಾಡುವುದೂ ಇದೇ ಉಪಾಯದಿಂದ. ಒಂದೇ ವೇಗದ ಅಲೆ ಹೋಗುತ್ತಿರುತ್ತದೆ, ಅದರ ಎತ್ತರವನ್ನು ಏರಿಸಿ ಇಳಿಸಿ ಅದರಲ್ಲಿ ಮಾತು, ಹಾಡು ತುಂಬುತ್ತಾರೆ. ಮಿದುಳಿನಲ್ಲೂ ಎಷ್ಟೋ ಮಾಹಿತಿ ಆ ಹೊರಗೆರೆಯಲ್ಲೇ ಇದೆ.

ಆಪ್‌ಗಳಲ್ಲಿ 'ಪವರ್' ಅಂತ ತೋರಿಸಿದರೆ ಒಂದು ವಿಷಯ ನೆನಪಿಡಿ. ಅದು ಎತ್ತರದ ವರ್ಗ. ಎತ್ತರ ಎರಡು ಪಟ್ಟಾದರೆ ಪವರ್ ನಾಲ್ಕು ಪಟ್ಟಾಗುತ್ತದೆ. ಗ್ರಾಫಿನ ಜಿಗಿತ ನಿಜವಾದ ಏರಿಕೆಗಿಂತ ದೊಡ್ಡದಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಬಲ ಅಂದರೆ ದುಡಿಮೆ ಅಲ್ಲ, ಹೊಂದಾಣಿಕೆ

ಇಡೀ ವಿಷಯದಲ್ಲಿ ಜನ ಹೆಚ್ಚಾಗಿ ಎಡವುವ ಜಾಗ ಇದು. ಅಲೆ ಎತ್ತರ ಆಯಿತು ಅಂದರೆ ಮಿದುಳು ಜೋರಾಗಿ ಕೆಲಸ ಮಾಡುತ್ತಿದೆ ಅಂದುಕೊಳ್ಳುತ್ತೇವೆ. ಹಾಗಲ್ಲ.

ದೊಡ್ಡ ಸಭಾಂಗಣದಲ್ಲಿ ಸಾವಿರ ಜನ ಚಪ್ಪಾಳೆ ತಟ್ಟುತ್ತಿದ್ದಾರೆ. ತಮಗೆ ತೋಚಿದಂತೆ ತಟ್ಟಿದರೆ ಹೊರಗೆ ಕೇಳುವುದು ಬರೀ ಗದ್ದಲ, ಅದರಲ್ಲಿ ಏರಿಳಿತ ತಿಳಿಯುವುದಿಲ್ಲ. ಅದೇ ಜನ ಒಂದೇ ತಾಳಕ್ಕೆ ತಟ್ಟಿದರೆ ಪ್ರತಿ ಪೆಟ್ಟೂ ಗೋಡೆಯಾಚೆ ಕೇಳುತ್ತದೆ. ಯಾರೂ ಮೊದಲಿಗಿಂತ ಜೋರಾಗಿ ತಟ್ಟಲಿಲ್ಲ. ಒಟ್ಟಿಗೆ ತಟ್ಟಿದರು, ಅಷ್ಟೇ.

ಇದಕ್ಕೆ ಒಂದು ಲೆಕ್ಕ ಇದೆ, ನನಗೆ ತುಂಬಾ ಇಷ್ಟವಾದ ಲೆಕ್ಕ. ಹತ್ತು ಲಕ್ಷ ಕೋಶಗಳಿವೆ ಅಂದುಕೊಳ್ಳೋಣ. ಅದರಲ್ಲಿ ನೂರಕ್ಕೆ ಒಂದು, ಅಂದರೆ 10,000 ಕೋಶಗಳು, ಒಂದೇ ತಾಳಕ್ಕೆ ಬರುತ್ತವೆ. ಅವುಗಳ ಕೊಡುಗೆ ನೇರವಾಗಿ ಕೂಡುತ್ತದೆ, ಹಾಗಾಗಿ 10,000. ಉಳಿದ 9,90,000 ಕೋಶಗಳು ತಮ್ಮ ಪಾಡಿಗೆ ತಾವು ಏರಿಳಿಯುತ್ತಿವೆ. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ, ಒಂದನ್ನೊಂದು ಅಳಿಸಿಹಾಕುತ್ತವೆ. ಹೀಗೆ ಅಡ್ಡಾದಿಡ್ಡಿ ಇರುವ ಗುಂಪಿನ ಮೊತ್ತ ಸರಿಸುಮಾರು ಅದರ ವರ್ಗಮೂಲದಷ್ಟು, ಅಂದರೆ ಸಾವಿರಕ್ಕೆ ಹತ್ತಿರ. ನೂರರಲ್ಲಿ ಒಂದು ಪಾಲು ಕೋಶ ಉಳಿದ ತೊಂಬತ್ತೊಂಬತ್ತು ಪಾಲಿಗಿಂತ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ! ನಿಜವಾದ ಮಿದುಳು ಇಷ್ಟು ಸರಳ ಅಲ್ಲ, ಆದರೆ ತತ್ವ ಇದೇ. ಎಚ್ಚರದಲ್ಲಿ, ಕಣ್ಣು ಬಿಟ್ಟು ಏನನ್ನೋ ಗಮನವಿಟ್ಟು ನೋಡುವಾಗ ಗೆರೆ ಗಿಡ್ಡ ಮತ್ತು ಚುರುಕು. ಗಾಢ ನಿದ್ದೆಯಲ್ಲಿ ಗೆರೆ ಎತ್ತರ ಮತ್ತು ನಿಧಾನ. ನಿದ್ದೆಯಲ್ಲಿ ಮಿದುಳು ಹೆಚ್ಚು ದುಡಿಯುತ್ತಿಲ್ಲ. ಕೋಶಗಳು ಒಟ್ಟಿಗೆ ಸುಮ್ಮನಾಗಿ ಒಟ್ಟಿಗೆ ಏಳುತ್ತಿವೆ.

ಆದ್ದರಿಂದ ಬಲ ಏರಿಳಿಯುತ್ತದೆ ಅಂದರೆ, ತಾಳಕ್ಕೆ ಬರುವ ಕೋಶಗಳ ಗುಂಪು ದೊಡ್ಡದಾಗುತ್ತಿದೆ, ಮತ್ತೆ ಚದುರುತ್ತಿದೆ ಅಂತ.

ಇದನ್ನು ಮೊದಲು ಕಂಡವರು

ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ತು ಇದೆ ಅಂತ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿದ್ದ ವೈದ್ಯ ರಿಚರ್ಡ್ ಕೇಟನ್ 1875ರಲ್ಲೇ ತೋರಿಸಿದ್ದರು. ಮನುಷ್ಯನ ತಲೆಯಿಂದ ಅದನ್ನು ಹಿಡಿದವರು ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್. ಹರೆಯದಲ್ಲಿ ಸೈನ್ಯದ ತರಬೇತಿಯ ಹೊತ್ತಿಗೆ ಅವರು ಕುದುರೆಯಿಂದ ಬಿದ್ದು ಕೂದಲೆಳೆಯಲ್ಲಿ ಪಾರಾಗಿದ್ದರು. ಅದೇ ದಿನ ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಗಿದೆ ಅನ್ನಿಸಿ ತಂದೆಯಿಂದ ತಂತಿ ಕಳಿಸಿದ್ದಳು. ಒಬ್ಬರ ಮನಸ್ಸಿನ ಭಯ ಇನ್ನೊಬ್ಬರಿಗೆ ಹೇಗೆ ಮುಟ್ಟಿತು ಅನ್ನುವ ಪ್ರಶ್ನೆ ಅವರನ್ನು ಜೀವನವಿಡೀ ಬಿಡಲಿಲ್ಲ. ಅದಕ್ಕೆ ಉತ್ತರ ಸಿಗಲಿಲ್ಲ, ಅಲೆ ಸಿಕ್ಕಿತು. 1924ರಲ್ಲಿ ಮೊದಲ ಸಲ ಮನುಷ್ಯನ ಇಇಜಿ ದಾಖಲಿಸಿದರು. ಮಗನ ತಲೆಯಿಂದಲೂ ಅಲೆ ಹಿಡಿದರು. ನಿಜವಾಗಿ ಇದು ಮಿದುಳಿನದೇನಾ, ಇಲ್ಲಾ ಸ್ನಾಯುವಿನದ್ದೋ ರಕ್ತನಾಳದ್ದೋ ಅನ್ನುವ ಅನುಮಾನದಲ್ಲಿ ಐದು ವರ್ಷ ಪರೀಕ್ಷಿಸಿ, 1929ರಲ್ಲಿ ಪ್ರಕಟಿಸಿದರು. ಮೊದಲು ಕಂಡ ಅಲೆಗೆ ಗ್ರೀಕ್ ಅಕ್ಷರಮಾಲೆಯ ಮೊದಲ ಅಕ್ಷರ ಕೊಟ್ಟರು, ಆಲ್ಫಾ.

ಬರ್ಗರ್ ಆಗಲೇ ಗಮನಿಸಿದ್ದು ಬಲದ ಬದಲಾವಣೆಯನ್ನೇ. ಕಣ್ಣು ಮುಚ್ಚಿದರೆ ಆಲ್ಫಾ ದೊಡ್ಡದು. ಕಣ್ಣು ಬಿಟ್ಟರೆ ಕರಗುತ್ತದೆ. ಕಣ್ಣು ಮುಚ್ಚಿದ್ದರೂ ಮನಸ್ಸಿನಲ್ಲೇ ಲೆಕ್ಕ ಮಾಡಲು ಕೊಟ್ಟರೆ ಕುಗ್ಗುತ್ತದೆ. ಬಹಳ ಜನ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ ಮತ್ತು ಬ್ರಯಾನ್ ಮ್ಯಾಥ್ಯೂಸ್ ತಮ್ಮದೇ ತಲೆಗೆ ಎಲೆಕ್ಟ್ರೋಡ್ ಕಟ್ಟಿಕೊಂಡು ನೋಡಿ, ಹೌದು ಅಂದರು. ಏಡ್ರಿಯನ್‌ಗೆ ಎರಡು ವರ್ಷ ಮುಂಚೆಯಷ್ಟೇ ನೊಬೆಲ್ ಬಂದಿತ್ತು, ಹಾಗಾಗಿ ಅವರ ಮಾತಿಗೆ ತೂಕ ಇತ್ತು. ಒಂದು ಸ್ವಾರಸ್ಯ ಅಂದರೆ ಏಡ್ರಿಯನ್ ಕಣ್ಣು ಮುಚ್ಚಿದ ಕೂಡಲೇ ಚೆಂದದ ಆಲ್ಫಾ ಬರುತ್ತಿತ್ತು, ಮ್ಯಾಥ್ಯೂಸ್ ತಲೆಯಲ್ಲಿ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಇಬ್ಬರೂ ಒಳ್ಳೆಯ ವಿಜ್ಞಾನಿಗಳೇ. ಆಲ್ಫಾದ ಎತ್ತರ ಜನರಿಂದ ಜನರಿಗೆ ಬಹಳ ಬೇರೆ ಇರುತ್ತದೆ, ಬುರುಡೆಯ ದಪ್ಪವೂ ಅದರಲ್ಲಿ ಸೇರಿಕೊಳ್ಳುತ್ತದೆ, ಅದರಿಂದ ಬುದ್ಧಿ ಅಳೆಯಲು ಆಗುವುದಿಲ್ಲ.

ಏರುವುದು ಯಾಕೆ, ಇಳಿಯುವುದು ಯಾಕೆ

ಒಂದೇ ಉತ್ತರ ಇಲ್ಲ. ಮೂರ್ನಾಲ್ಕು ಕಾರಣಗಳು ಒಟ್ಟಿಗೆ ಕೆಲಸ ಮಾಡುತ್ತವೆ.

ಮೊದಲನೆಯದು ತೀರಾ ಸರಳ. ಶ್ರುತಿ ಸ್ವಲ್ಪವೇ ತಪ್ಪಿದ ಎರಡು ತಂತಿಗಳನ್ನು ಒಟ್ಟಿಗೆ ಮೀಟಿದರೆ ದನಿ 'ವಂ... ವಂ... ವಂ' ಅಂತ ಉಬ್ಬಿ ತಗ್ಗುತ್ತದೆ, ಕೇಳಿರುತ್ತೀರಿ. ಎರಡೂ ಜೊತೆಯಾದಾಗ ದನಿ ಉಬ್ಬುತ್ತದೆ, ಒಂದು ಏರುವಾಗ ಇನ್ನೊಂದು ಇಳಿದರೆ ತಗ್ಗುತ್ತದೆ. ಮಿದುಳಿನ ಒಂದು ತುಣುಕು ಸೆಕೆಂಡಿಗೆ 10 ಸಲ, ಪಕ್ಕದ ತುಣುಕು 10.5 ಸಲ ಮಿಡಿದರೆ, ಎರಡರ ಮೊತ್ತ ಎರಡು ಸೆಕೆಂಡಿಗೊಮ್ಮೆ ಉಬ್ಬಿ ತಗ್ಗುತ್ತದೆ. ಎಲೆಕ್ಟ್ರೋಡ್‌ಗೆ ಇಬ್ಬರ ಮಾತೂ ಕೇಳಿಸುತ್ತದೆ, ಹಾಗಾಗಿ ಗೆರೆಯಲ್ಲಿ ಇದು ಕಾಣುತ್ತದೆ.

ಎರಡನೆಯದು ಮಿದುಳಿನ ನಡುವೆ ಇರುವ ಥಲಾಮಸ್ ಅನ್ನುವ ಭಾಗದ ಕೆಲಸ. ಕಣ್ಣು, ಕಿವಿ, ಚರ್ಮದಿಂದ ಬರುವ ಸುದ್ದಿ ಹೊರಪದರಕ್ಕೆ ಹೋಗುವುದು ಇದರ ಮೂಲಕ. ಥಲಾಮಸ್ ಮತ್ತು ಹೊರಪದರದ ನಡುವೆ ಹೋಗಿಬರುವ ದಾರಿಗಳಿವೆ, ಥಲಾಮಸ್ ಸುತ್ತ ತೆಳ್ಳನೆಯ ಹೊದಿಕೆಯಂತೆ ತಡೆ ಹಾಕುವ ಕೋಶಗಳೂ ಇವೆ. ನಿದ್ದೆಯ ಆರಂಭದಲ್ಲಿ ಕಾಣುವ 'ಸ್ಪಿಂಡಲ್' ಅನ್ನುವ ಅಲೆಗುಚ್ಛ ಇಲ್ಲಿಂದಲೇ ಹುಟ್ಟುತ್ತದೆ. ನೂಲಿನ ಕದಿರಿನ ಹಾಗೆ ಎರಡೂ ತುದಿ ಸಣ್ಣ, ಮಧ್ಯೆ ದಪ್ಪ, ಅದಕ್ಕೇ ಆ ಹೆಸರು. ನಡೆಯುವುದು ಹೀಗೆ. ತಡೆ ಹಾಕುವ ಕೆಲವು ಕೋಶಗಳು ಥಲಾಮಸ್‌ನ ಕೋಶಗಳನ್ನು ಅದುಮುತ್ತವೆ. ಅದುಮಿದ ಸ್ಪ್ರಿಂಗ್ ಬಿಟ್ಟರೆ ಪುಟಿಯುವಂತೆ ಅವು ಪುಟಿದೇಳುತ್ತವೆ, ಪುಟಿದೇಳುವಾಗ ಮತ್ತಷ್ಟು ತಡೆಯುವ ಕೋಶಗಳನ್ನು ಎಬ್ಬಿಸುತ್ತವೆ, ಅವು ಇನ್ನೂ ಹೆಚ್ಚು ಕೋಶಗಳನ್ನು ಅದುಮುತ್ತವೆ. ಪ್ರತಿ ಸುತ್ತಿಗೂ ಗುಂಪು ಬೆಳೆಯುತ್ತದೆ, ಅಲೆ ಎತ್ತರವಾಗುತ್ತದೆ. ಆದರೆ ಕೋಶಗಳ ಒಳಗೆ ಕ್ಯಾಲ್ಸಿಯಂ ಸೇರುತ್ತಾ ಹೋದ ಹಾಗೆ ಅವುಗಳ ಸ್ವಭಾವ ಬದಲಾಗಿ ಪುಟಿಯುವುದು ಕಮ್ಮಿಯಾಗುತ್ತದೆ, ಹೊರಪದರದಿಂದ ಬರುವ ಸಂಕೇತಗಳೂ ತಾಳ ತಪ್ಪಿಸುತ್ತವೆ. ಅಲೆ ಕುಗ್ಗುತ್ತದೆ. ಅರ್ಧದಿಂದ ಎರಡು ಸೆಕೆಂಡಿನಲ್ಲಿ ಎಲ್ಲ ಮುಗಿದು, ಕೆಲವು ಸೆಕೆಂಡು ಸುಧಾರಿಸಿಕೊಂಡ ಮೇಲೆ ಮುಂದಿನ ಸ್ಪಿಂಡಲ್.

ಮೂರನೆಯದು, ನಾವು ಮಾಡುತ್ತಿರುವ ಕೆಲಸ. ಆಲ್ಫಾ ಅಂದರೆ ಕೆಲಸವಿಲ್ಲದೆ ಓಡುತ್ತಿರುವ ಎಂಜಿನ್ ಅಂತ ಬಹಳ ಕಾಲ ಅಂದುಕೊಂಡಿದ್ದರು. ಈಗ ಹೆಚ್ಚಿನ ವಿಜ್ಞಾನಿಗಳು ಅದನ್ನು ಬಾಗಿಲು ಅನ್ನುತ್ತಾರೆ. ಯಾವ ಭಾಗ ಈಗ ಬೇಡವೋ ಅಲ್ಲಿ ಆಲ್ಫಾ ಬಲವಾಗಿ ಬಾಗಿಲು ಹಾಕುತ್ತದೆ, ಯಾವ ಭಾಗ ಬೇಕೋ ಅಲ್ಲಿ ಇಳಿದು ಬಾಗಿಲು ತೆರೆಯುತ್ತದೆ. ಕಣ್ಣು ಅಲುಗಿಸದೆ ಎಡಗಡೆಗೆ ಗಮನ ಕೊಡಿ ಅಂದರೆ, ಎಡಗಡೆಯ ನೋಟವನ್ನು ನೋಡಿಕೊಳ್ಳುವ, ಬಲಗಡೆಯ ಮಿದುಳಿನ ಹಿಂಭಾಗದಲ್ಲಿ ಆಲ್ಫಾ ಇಳಿಯುತ್ತದೆ, ಎಡ ಮಿದುಳಿನ ಕಡೆ ಅಷ್ಟು ಇಳಿಯುವುದಿಲ್ಲ, ಕೆಲವೊಮ್ಮೆ ಏರುತ್ತದೆ. ತೀರಾ ಮಸುಕಾದ ಬೆಳಕಿನ ಚುಕ್ಕೆಯೊಂದನ್ನು ತೋರಿಸಿದಾಗ, ಅದಕ್ಕೆ ಸ್ವಲ್ಪ ಮುಂಚೆ ಆಲ್ಫಾ ಕಮ್ಮಿ ಇದ್ದರೆ 'ಕಂಡಿತು' ಅನ್ನುವ ಸಾಧ್ಯತೆ ಜಾಸ್ತಿ, ಬಲವಾಗಿದ್ದರೆ ಅದೇ ಚುಕ್ಕೆ ಕಾಣದೇ ಹೋಗಬಹುದು. ಒಂದೇ ಕಣ್ಣು, ಒಂದೇ ಬೆಳಕು, ಆದರೂ ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಕೈ ಎತ್ತುವ ಮುಂಚೆಯೂ ಹೀಗೇ. ಕೈಯನ್ನು ನಡೆಸುವ ಭಾಗದಲ್ಲಿ ಆಲ್ಫಾ ವೇಗದ ಅಲೆ ಮತ್ತು ಬೀಟಾ, ಕೈ ಅಲುಗುವ ಮೊದಲೇ ಕುಗ್ಗುತ್ತವೆ. ಚಲನೆ ನಿಂತ ಮೇಲೆ ಬೀಟಾ ಮೊದಲಿಗಿಂತ ಎತ್ತರಕ್ಕೆ ಪುಟಿಯುತ್ತದೆ. ಕೈ ಎತ್ತುವುದನ್ನು ಸುಮ್ಮನೆ ಕಲ್ಪಿಸಿಕೊಂಡರೂ ಕುಗ್ಗುವಿಕೆ ಕಾಣುತ್ತದೆ. ಕೈಕಾಲು ಆಡದವರು ಯೋಚನೆಯಿಂದಲೇ ಕಂಪ್ಯೂಟರ್ ನಡೆಸುವ ಕೆಲವು ಯಂತ್ರಗಳು ನಿಂತಿರುವುದು ಈ ಇಳಿತದ ಮೇಲೆ.

ದೊಡ್ಡ ಅಲೆಯ ಬೆನ್ನ ಮೇಲೆ ಸಣ್ಣ ಅಲೆ

ಅತಿ ಚುರುಕಾದ ಏರಿಳಿತ ನಡೆಯುವುದು ಸೆಕೆಂಡಿನ ಒಂದು ಭಾಗದಲ್ಲಿ. ಅಪಸ್ಮಾರದ ಚಿಕಿತ್ಸೆಗಾಗಿ ಕೆಲವರಿಗೆ ಮಿದುಳಿನ ಮೇಲೆಯೇ ಎಲೆಕ್ಟ್ರೋಡ್ ಇಡಬೇಕಾಗುತ್ತದೆ. ಅಂಥವರಲ್ಲಿ ನಡೆಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಂಡದ್ದು: ನಿಧಾನವಾದ ಥೀಟಾ ಅಲೆ ಒಂದು ನಿರ್ದಿಷ್ಟ ಹಂತಕ್ಕೆ ಬಂದಾಗಲೆಲ್ಲ, ಅದರ ಮೇಲೆ ಕೂತ ಚುರುಕಾದ ಗಾಮಾ ಅಲೆ ಎತ್ತರವಾಗುತ್ತದೆ. ಅಂದರೆ ನಿಧಾನ ಅಲೆಯ ಹಂತ, ಚುರುಕು ಅಲೆಯ ಬಲವನ್ನು ಏರಿಸಿ ಇಳಿಸುತ್ತದೆ.

ಇದರಿಂದ ಏನು ಉಪಯೋಗ? ಗಾಮಾ ಅಲೆ ಹತ್ತಿರದ ಕೋಶಗಳ ಚುರುಕು ಕೆಲಸದ ಗುರುತು, ಥೀಟಾ ದೂರದ ಭಾಗಗಳನ್ನೂ ಮುಟ್ಟುತ್ತದೆ. ದೂರದ ಎರಡು ಭಾಗಗಳು ಒಟ್ಟಿಗೆ ಕೆಲಸ ಮಾಡಬೇಕಾದರೆ ಎರಡೂ ಕಡೆ ಬಾಗಿಲು ಒಂದೇ ಹೊತ್ತಿಗೆ ತೆರೆದಿರಬೇಕು ಅಲ್ವಾ, ಆ ಹೊತ್ತನ್ನು ನಿಧಾನ ಅಲೆ ಗೊತ್ತು ಮಾಡುತ್ತದೆ ಅನ್ನುವುದು ಸದ್ಯದ ವಿವರಣೆ. ಮಾತು ಕೇಳುವಾಗಲೂ ಇಂಥದ್ದೇ ನಡೆಯುತ್ತದೆ. ಮನುಷ್ಯನ ಮಾತಿನ ದನಿ ಸೆಕೆಂಡಿಗೆ ಸುಮಾರು ನಾಲ್ಕೈದು ಸಲ ಉಬ್ಬಿ ತಗ್ಗುತ್ತದೆ, ಹೆಚ್ಚುಕಡಿಮೆ ಉಚ್ಚಾರದ ತುಣುಕಿಗೊಂದರಂತೆ. ಕೇಳುವವರ ಮಿದುಳಿನ ಅಲೆಗಳು ಆ ಉಬ್ಬುತಗ್ಗಿನ ಜೊತೆ ಹೆಜ್ಜೆ ಹಾಕುತ್ತವೆ.

ಉಸಿರಾಟಕ್ಕೂ ನಂಟಿದೆ. ಮೂಗಿನಿಂದ ಉಸಿರೆಳೆಯುವಾಗ ವಾಸನೆ, ನೆನಪು, ಭಾವನೆಗೆ ಸಂಬಂಧಪಟ್ಟ ಭಾಗಗಳಲ್ಲಿ ಅಲೆಗಳ ಬಲ ಉಸಿರಿನ ಲಯಕ್ಕೆ ಏರಿಳಿಯುತ್ತದೆ, ಬಾಯಿಯಿಂದ ಉಸಿರಾಡಿದರೆ ಆ ನಂಟು ಸಡಿಲವಾಗುತ್ತದೆ. ಇದನ್ನೂ ಮಿದುಳಿನೊಳಗೆ ಎಲೆಕ್ಟ್ರೋಡ್ ಇದ್ದ ರೋಗಿಗಳಲ್ಲೇ ಕಂಡದ್ದು, 2016ರಲ್ಲಿ.

ರಾತ್ರಿಯ ಮೂರು ಲಯಗಳು

ನಿದ್ದೆಯಲ್ಲಿ ಬಲದ ಏರಿಳಿತ ಬಹಳ ಸ್ಪಷ್ಟ. ಒಂದರೊಳಗೆ ಒಂದು, ಮೂರು ಲಯ ಕಾಣುತ್ತವೆ.

ದೊಡ್ಡ ಲಯ ಇಡೀ ರಾತ್ರಿಯದು. ಮಲಗಿದ ಮೊದಲ ಒಂದೆರಡು ಗಂಟೆಯಲ್ಲಿ ಡೆಲ್ಟಾ ಅಲೆಗಳು ಎತ್ತರವಾಗಿರುತ್ತವೆ, 75 ಮೈಕ್ರೋವೋಲ್ಟ್ ದಾಟುತ್ತವೆ. ಬೆಳಗಾಗುತ್ತಾ ಬಂದಂತೆ ಅವು ಕುಗ್ಗುತ್ತವೆ. ಎಷ್ಟು ಹೊತ್ತು ಎಚ್ಚರ ಇದ್ದಿರೋ ಅಷ್ಟು ಎತ್ತರ ಶುರುವಾಗುತ್ತದೆ. ಸಂಜೆ ಒಂದು ಗಂಟೆ ನಿದ್ದೆ ಹೊಡೆದರೆ ರಾತ್ರಿಯ ಡೆಲ್ಟಾ ಅಷ್ಟು ಏಳುವುದಿಲ್ಲ. ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಇದನ್ನೇ ಇಟ್ಟುಕೊಂಡು ನಿದ್ದೆಗೆ ಎರಡು ಕಾರಣ ಹೇಳಿದರು. ಎಚ್ಚರವಿದ್ದಷ್ಟೂ ಏರುವ ನಿದ್ದೆಯ ಸಾಲ ಒಂದು, ಹಗಲು ರಾತ್ರಿಯ ಒಳಗಡಿಯಾರ ಇನ್ನೊಂದು. ಡೆಲ್ಟಾದ ಬಲ ಆ ಸಾಲದ ಅಳತೆಗೋಲು.

ಅದರೊಳಗೆ ಸುಮಾರು 90 ನಿಮಿಷದ ಲಯ. ಡೆಲ್ಟಾ ಏರುತ್ತದೆ, ಆಮೇಲೆ ಕಣ್ಣುಗುಡ್ಡೆಗಳು ರೆಪ್ಪೆಯಡಿ ಸರಸರ ಓಡಾಡುವ ರೆಮ್ ನಿದ್ದೆ ಬಂದಾಗ ಬಿದ್ದುಹೋಗುತ್ತದೆ. ರಾತ್ರಿಗೆ ನಾಲ್ಕೈದು ಸಲ. ರೆಮ್ ನಿದ್ದೆಯನ್ನು 1953ರಲ್ಲಿ ವರದಿ ಮಾಡಿದವರು ಅಮೆರಿಕದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯೆಲ್ ಕ್ಲೈಟ್ಮನ್. ಇದೇ 90 ನಿಮಿಷದ ಲಯ ಹಗಲೂ ನಡೆಯುತ್ತದೆ ಅಂತ ಕ್ಲೈಟ್ಮನ್ ನಂಬಿದ್ದರು. 'ಪ್ರತಿ 90 ನಿಮಿಷಕ್ಕೆ ಕೆಲಸಕ್ಕೆ ಬಿಡುವು ಕೊಡಿ' ಅನ್ನುವ ಸಲಹೆಗಳ ಬೇರು ಅಲ್ಲಿದೆ. ಆದರೆ ಹಗಲಿನ ಪುರಾವೆ ರಾತ್ರಿಯದ್ದರಷ್ಟು ಗಟ್ಟಿ ಇಲ್ಲ.

ಮೂರನೆಯದು ಈಚೆಗೆ ಗಮನಕ್ಕೆ ಬಂದದ್ದು. ರೆಮ್ ಅಲ್ಲದ ಹಗುರ ನಿದ್ದೆಯಲ್ಲಿ ಸ್ಪಿಂಡಲ್‌ಗಳ ವೇಗದ ಅಲೆಯ ಬಲ ಸುಮಾರು 50 ಸೆಕೆಂಡಿಗೊಮ್ಮೆ ಏರಿ ಇಳಿಯುತ್ತದೆ. 2017ರಲ್ಲಿ ಮನುಷ್ಯರಲ್ಲೂ ಇಲಿಗಳಲ್ಲೂ ಇದನ್ನು ತೋರಿಸಿದರು. ಏರಿದಾಗ ನಿದ್ದೆ ಭದ್ರ, ಸದ್ದಾದರೂ ಬೇಗ ಎಚ್ಚರ ಆಗುವುದಿಲ್ಲ. ಇಳಿದಾಗ ಸಣ್ಣ ಸದ್ದೂ ಎಬ್ಬಿಸಬಹುದು. ಹೃದಯದ ಬಡಿತವೂ ಇದರ ಜೊತೆಗೇ ಬದಲಾಗುತ್ತದೆ. ಮಿದುಳಿನ ಕಾಂಡದಿಂದ ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕ ಅಲೆ ಅಲೆಯಾಗಿ ಬರುವುದು ಇದಕ್ಕೆ ಕಾರಣ ಅಂತ ಇಲಿಗಳ ಪ್ರಯೋಗ ಹೇಳುತ್ತವೆ. ಒಂದು ರಾತ್ರಿ ಗುಡುಗಿದರೂ ಗೊತ್ತಾಗದೆ, ಇನ್ನೊಂದು ರಾತ್ರಿ ಬಾಗಿಲು ಕಿರ್ ಅಂದದ್ದಕ್ಕೇ ಎದ್ದು ಕೂರುವುದಕ್ಕೆ ಇದೂ ಒಂದು ಕಾರಣ ಇದ್ದೀತು.

ಲಯ ಅಂದರೆ ಗಡಿಯಾರ ಅಲ್ಲ

50 ಸೆಕೆಂಡು, 90 ನಿಮಿಷ ಅಂದಾಗ ಯಂತ್ರದ ಹಾಗೆ ನಿಖರ ಅಂದುಕೊಳ್ಳಬೇಡಿ. ಇವು ಸರಾಸರಿಗಳು. ಎಚ್ಚರದ ಆಲ್ಫಾ ಅಂತೂ ಒಂದು ನಿರ್ದಿಷ್ಟ ಅವಧಿಗೆ ಕಟ್ಟುಬಿದ್ದಿಲ್ಲ. ಒಮ್ಮೆ ಅರ್ಧ ಸೆಕೆಂಡಿನಲ್ಲಿ ಕರಗುತ್ತದೆ, ಒಮ್ಮೆ ಹಲವು ಸೆಕೆಂಡು ಉಳಿಯುತ್ತದೆ. ಆದರೆ ಪೂರ್ತಿ ಗೊತ್ತುಗುರಿ ಇಲ್ಲದ್ದೂ ಅಲ್ಲ. ಈಗಿನ ಬಲಕ್ಕೂ ಒಂದು ನಿಮಿಷದ ಹಿಂದಿನ ಬಲಕ್ಕೂ ಸಣ್ಣ ನಂಟು ಉಳಿದಿರುತ್ತದೆ, ಇದನ್ನು 2001ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಗಾಳಿ ಬೀಸುವ ಹಾಗೆ ಅನ್ನಬಹುದು. ಮುಂದಿನ ಗಾಳಿ ಯಾವಾಗ ಅಂತ ಹೇಳಲಾಗದು, ಆದರೆ ಗಾಳಿಯ ದಿನ ಯಾವುದು ಅಂತ ತಿಳಿಯುತ್ತದೆ.

ಏರಿಳಿತ ಹದ ತಪ್ಪಿದಾಗ

ವೈದ್ಯರು ಎತ್ತರ ಒಂದನ್ನೇ ನೋಡುವುದಿಲ್ಲ. ಎತ್ತರ ಹೇಗೆ ಬದಲಾಗುತ್ತಿದೆ, ಎರಡೂ ಬದಿ ಹೊಂದುತ್ತಿದೆಯಾ, ಕಣ್ಣು ಬಿಟ್ಟಾಗ ಇಳಿಯಬೇಕಾದದ್ದು ಇಳಿಯಿತಾ ಅಂತ ನೋಡುತ್ತಾರೆ. ಬಲಗಡೆ ಆಲ್ಫಾ ಎಡಕ್ಕಿಂತ ಸ್ವಲ್ಪ ಎತ್ತರ ಇರುವುದು ಬಹಳ ಜನರಲ್ಲಿ ಸಹಜ. ಒಂದು ಬದಿ ತೀರಾ ಕುಗ್ಗಿದ್ದರೆ ಮಾತ್ರ ಮುಂದೆ ಹುಡುಕುತ್ತಾರೆ.

ಹೊಂದಾಣಿಕೆ ಅತಿಯಾದರೂ ತೊಂದರೆಯೇ. ಕೆಲವು ಮಕ್ಕಳು ಆಡುತ್ತಾ ಆಡುತ್ತಾ ಕೆಲವು ಸೆಕೆಂಡು ಕಲ್ಲಿನಂತೆ ನಿಂತು ಮತ್ತೆ ಆಟ ಮುಂದುವರಿಸುತ್ತಾರೆ. ಆ ಹೊತ್ತಿನಲ್ಲಿ ಸೆಕೆಂಡಿಗೆ ಮೂರರಂತೆ ಭಾರೀ ಎತ್ತರದ, ಮುಳ್ಳಿನ ಮೊನೆಯಂಥ ಅಲೆಗಳು ಇಡೀ ತಲೆಯಲ್ಲಿ ಏಳುತ್ತವೆ. ಅಪಸ್ಮಾರದ ಈ ಬಗೆಯನ್ನು 1935ರಲ್ಲೇ ಇಇಜಿಯಲ್ಲಿ ಗುರುತಿಸಿದ್ದರು. ಪಾರ್ಕಿನ್ಸನ್ ರೋಗದಲ್ಲಿ ಮಿದುಳಿನ ಆಳದಲ್ಲಿ ಬೀಟಾ ಏರಿದ್ದು ಬೇಗ ಇಳಿಯುವುದಿಲ್ಲ, ಉದ್ದವಾಗಿ ಎಳೆಯುತ್ತದೆ, ಚಲನೆಯ ಬಿಗಿತಕ್ಕೂ ಅದಕ್ಕೂ ನಂಟಿದೆ. ಬೀಟಾದ ಬಲವನ್ನು ತಾನೇ ಅಳೆದು, ಏರಿದಾಗ ವಿದ್ಯುತ್ ಪ್ರಚೋದನೆ ಹೆಚ್ಚಿಸಿ ಇಳಿದಾಗ ತಗ್ಗಿಸುವ ಸಾಧನಗಳು ಈಗ ಚಿಕಿತ್ಸೆಗೆ ಬಂದಿವೆ.

ಆಳವಾದ ಅರಿವಳಿಕೆಯಲ್ಲಿ ಇನ್ನೊಂದು ಚಿತ್ರ. ಎತ್ತರದ ಅಲೆಗಳ ಗುಂಪು ಒಮ್ಮೆ ಸಿಡಿದು, ಆಮೇಲೆ ಕೆಲವು ಸೆಕೆಂಡು ಗೆರೆ ಸಪಾಟು, ಮತ್ತೆ ಸಿಡಿತ. ಅರಿವಳಿಕೆ ತಜ್ಞರಿಗೆ ಇದು ಔಷಧ ಎಷ್ಟು ಆಳಕ್ಕೆ ಹೋಗಿದೆ ಅನ್ನುವುದರ ಸೂಚನೆ. ಅವಧಿಗೆ ತೀರಾ ಮುಂಚೆ ಹುಟ್ಟಿದ ಶಿಶುಗಳಲ್ಲಿ ಇದಕ್ಕೆ ಹೋಲುವ ಬಿಟ್ಟುಬಿಟ್ಟು ಬರುವ ಗೆರೆ ಸಹಜ, ಮಗು ಬೆಳೆದಂತೆ ಖಾಲಿ ಜಾಗಗಳು ತುಂಬುತ್ತಾ ಹೋಗುತ್ತವೆ. ವಯಸ್ಸು, ಎಚ್ಚರ, ಔಷಧ ತಿಳಿಯದೆ ಗೆರೆಯೊಂದನ್ನೇ ನೋಡಿ ಏನೂ ಹೇಳಲಾಗದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ವಾಚು, ಪಟ್ಟಿ, ಆಪ್

ಕೈಗೆ ಕಟ್ಟುವ ವಾಚು ಮಿದುಳಿನ ಅಲೆ ಅಳೆಯುವುದಿಲ್ಲ. ಅದು ತೋರಿಸುವ 'ಗಾಢ ನಿದ್ದೆ' ಕೈಯ ಚಲನೆ ಮತ್ತು ನಾಡಿಬಡಿತದಿಂದ ಮಾಡಿದ ಅಂದಾಜು. ಹಣೆಯ ಪಟ್ಟಿ ನಿಜವಾಗಿಯೂ ಅಲೆ ಹಿಡಿಯುತ್ತದೆ, ಆದರೆ ಹಣೆಯ ಮೇಲೆ ಕಣ್ಣು ಮಿಟುಕಿಸಿದರೆ 100 ಮೈಕ್ರೋವೋಲ್ಟ್ ದಾಟಬಹುದು, ಹುಬ್ಬು ಗಂಟಿಕ್ಕಿದರೆ ಬೀಟಾ, ಗಾಮಾ ಏರಿದಂತೆ ಕಾಣುತ್ತದೆ. ಆಲ್ಫಾ ಚೆನ್ನಾಗಿ ಕಾಣುವುದು ತಲೆಯ ಹಿಂಭಾಗದಲ್ಲಿ. ಎರಡು ಕಿವಿಗೆ ಬೇರೆ ಬೇರೆ ದನಿ ಕೇಳಿಸಿ ಅಲೆ ಬದಲಿಸುತ್ತೇವೆ ಅನ್ನುವ ಆಡಿಯೋಗಳ ಬಗ್ಗೆ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಇನ್ನು ಆಲ್ಫಾ ಹೆಚ್ಚಿಸುವುದು ಒಳ್ಳೆಯದಾ ಅಂದರೆ, ಕಣ್ಣು ಮುಚ್ಚಿದರೇ ಹೆಚ್ಚುತ್ತದೆ. ಓದುವಾಗ, ರಸ್ತೆ ದಾಟುವಾಗ ಅದು ಇಳಿಯಬೇಕು.

ಪರೀಕ್ಷೆಗೆ ಹೋದಾಗ ನಡೆಯುವುದು

ಗೆಳತಿಯ ತಾಯಿಗೆ ಇನ್ನೊಂದು ಇಇಜಿ ಬರೆದುಕೊಟ್ಟಿದ್ದರು, ಈ ಸಲ ನಿದ್ದೆಗೆಟ್ಟು ಬರಲು ಹೇಳಿದ್ದರು. ಯಾಕೆ ಅಂತ ಈಗ ನೀವೇ ಹೇಳಬಹುದು. ನಿದ್ದೆಯ ಸಾಲ ಏರಿರಲಿ, ಪರೀಕ್ಷೆಯ ಹೊತ್ತಿಗೆ ಜೊಂಪು ಹತ್ತಲಿ, ಆಗ ಸ್ಪಿಂಡಲ್‌ಗಳೂ ಸಿಗುತ್ತವೆ, ಎಚ್ಚರದಲ್ಲಿ ಅಡಗಿರುವ ಅಪಸ್ಮಾರದ ಮೊನೆಗಳಿದ್ದರೆ ಅವೂ ಹೊರಬರುತ್ತವೆ. ಹಿಂದಿನ ದಿನ ತಲೆ ತೊಳೆದು ಎಣ್ಣೆ, ಜೆಲ್ ಹಚ್ಚದೆ ಬನ್ನಿ ಅನ್ನುವುದು ಬಿಲ್ಲೆ ಚರ್ಮಕ್ಕೆ ಸರಿಯಾಗಿ ಅಂಟಲಿ ಅಂತ. ಮಲಗಿದ ಮೇಲೆ "ಕಣ್ಣು ಮುಚ್ಚಿ, ಈಗ ಬಿಡಿ, ಮತ್ತೆ ಮುಚ್ಚಿ" ಅನ್ನುತ್ತಾರೆ, ಬರ್ಗರ್ ಕಂಡದ್ದನ್ನೇ ಮತ್ತೆ ನೋಡುತ್ತಾರೆ. ಸುಮಾರು ಮೂರು ನಿಮಿಷ ಜೋರಾಗಿ ಉಸಿರಾಡಿಸುತ್ತಾರೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ನಿಧಾನ ಅಲೆಗಳು ಎತ್ತರವಾಗುತ್ತವೆ, ಮಕ್ಕಳಲ್ಲಂತೂ ಬಹಳ. ಕೊನೆಗೆ ಮಿಣುಕುವ ಬೆಳಕು ತೋರಿಸುತ್ತಾರೆ, ತಲೆಯ ಹಿಂಭಾಗದ ಅಲೆ ಆ ಮಿಣುಕಿನ ತಾಳಕ್ಕೆ ಬರುತ್ತದಾ ಅಂತ. ಯಾವುದೂ ನೋಯುವುದಿಲ್ಲ, ತಲೆಯೊಳಗೆ ಕರೆಂಟು ಹರಿಸುವುದೂ ಇಲ್ಲ. ಮಿದುಳಿನಿಂದ ಬರುವುದನ್ನು ಕೇಳಿಸಿಕೊಳ್ಳುತ್ತಾರೆ, ಅಷ್ಟೇ. ಪರೀಕ್ಷೆಯ ಹಿಂದಿನ ರಾತ್ರಿ ಅವಳು ಮತ್ತೆ ಫೋನ್ ಮಾಡಿದಳು. ಅಮ್ಮನನ್ನು ಎಚ್ಚರವಾಗಿಡಲು ಇಬ್ಬರೂ ಕೂತು ಹಳೆಯ ಫೋಟೋ ನೋಡುತ್ತಿದ್ದರಂತೆ.